ಮುರುಗಲಿಗೆ ಯಾರ ಅಳತೆಗೋಲು?

ಮುರುಗಲು ಎಂದರೆ ಪುನರ್ಪುಳಿ. ಅದರ ಶರಬತ್ತಿನ ಬಾಟಲಿಯಲ್ಲಿ ಹಣ್ಣಿನ ಚಿತ್ರದ ಪಕ್ಕ ಒಂದು ಮಾತು ಈಚೆಗೆ ತಪ್ಪದೆ ಅಚ್ಚಾಗಿರುತ್ತದೆ: ‘ಆ್ಯಂಟಿಆಕ್ಸಿಡೆಂಟ್‌ಗಳಿಂದ ಸಮೃದ್ಧ’. ನೇರಳೆ ಮೇಳದ ಬ್ಯಾನರಿನಲ್ಲೂ ಅದೇ, ಹಲಸಿನ ಹಬ್ಬದ ಕರಪತ್ರದಲ್ಲೂ ಅದೇ. ಕಾಲೇಜಿನ ವಿಚಾರಸಂಕಿರಣಕ್ಕೆ ಹೋದರೆ ಅದೇ ಮಾತು ಅಂಕಿಗಳ ಅಂಗಿ ತೊಟ್ಟು ಬರುತ್ತದೆ: ಪಶ್ಚಿಮಘಟ್ಟದ ಇಂಥ ಕಾಡುಹಣ್ಣಿನ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯ ಬ್ಲೂಬೆರಿಗಿಂತ ಇಷ್ಟು ಪಟ್ಟು ಹೆಚ್ಚು, ಆದ್ದರಿಂದ ಅದು ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗಗಳನ್ನು ತಡೆಯಬಲ್ಲದು, ಆದ್ದರಿಂದ ಅದನ್ನು ಬೆಳೆಸಿ ಉಳಿಸಬೇಕು. ಹಿತ್ತಲ ಗಿಡ ಮದ್ದಲ್ಲ ಎಂದು ಮೂಗು ಮುರಿಯುತ್ತಿದ್ದ ನಾಡಿನಲ್ಲಿ ಹಿತ್ತಲ ಗಿಡವೇ ಮದ್ದು ಎನ್ನುವ ಈ ಉತ್ಸಾಹ ನೋಡಲು ಚೆನ್ನಾಗಿಯೇ ಇದೆ. ಅದನ್ನು ಪ್ರಶ್ನಿಸುವವರು ಅಪರೂಪ. ದೇಸಿ ಹಣ್ಣನ್ನು ಹೊಗಳಿದರೆ ಯಾರಿಗೇನು ನಷ್ಟ ಎಂಬ ಭಾವನೆ. ನಷ್ಟವಿದೆ. ಆ ಎರಡು ‘ಆದ್ದರಿಂದ’ಗಳಲ್ಲಿ ಒಂದೂ ನಿಲ್ಲುವುದಿಲ್ಲ. ಹಣ್ಣಿನೊಳಗೆ ಏನೇನಿದೆ ಎಂದು ರಸಾಯನಶಾಸ್ತ್ರ ಹುಡುಕುವುದು ಒಂದು ಕೆಲಸ, ಹಣ್ಣಿನ ಸಾರಕ್ಕೆ ಆ್ಯಂಟಿಆಕ್ಸಿಡೆಂಟ್ ಅಂಕ ಹಾಕುವುದು ಇನ್ನೊಂದು. ಮೊದಲನೆಯದು ನಮ್ಮಲ್ಲಿ ಆಗಿದ್ದು ಕಡಿಮೆ, ಆಗಬೇಕಾದ್ದು ಬಹಳ. ಎರಡನೆಯದು ಅತಿಯಾಗಿದೆ, ಅದರಿಂದ ಹಣ್ಣಿನ ಬಗ್ಗೆಯಾಗಲಿ ತಿನ್ನುವವರ ಬಗ್ಗೆಯಾಗಲಿ ತಿಳಿಯುವುದು ತೀರ ಸ್ವಲ್ಪ.

ಈ ಅಂಕ ಹುಟ್ಟುವ ಜಾಗವನ್ನು ಹತ್ತಿರದಿಂದ ನೋಡಬೇಕು. ಹಣ್ಣನ್ನು ತೊಳೆದು, ಬೀಜ ತೆಗೆದು, ನೆರಳಲ್ಲೋ ಓವನ್ನಿನಲ್ಲೋ ಒಣಗಿಸಿ ಪುಡಿ ಮಾಡುತ್ತಾರೆ. ಪುಡಿಯನ್ನು ಮೆಥನಾಲಿನಲ್ಲಿ ನೆನೆಸಿ, ಸೋಸಿ, ದ್ರಾವಕವನ್ನು ಆರಿಸಿದರೆ ತಳದಲ್ಲಿ ಅಂಟಂಟು ಸಾರ ಉಳಿಯುತ್ತದೆ. ಇನ್ನೊಂದು ಕಡೆ ಡಿಪಿಪಿಎಚ್ ಎಂಬ ರಾಸಾಯನಿಕದ ದ್ರಾವಣ ಸಿದ್ಧವಿರುತ್ತದೆ. ಗಾಢ ನೇರಳೆ ಬಣ್ಣದ ಇದು ಫ್ರೀ ರ‍್ಯಾಡಿಕಲ್ಲುಗಳಲ್ಲೇ ವಿಚಿತ್ರ. ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನನ್ನು ಇಟ್ಟುಕೊಂಡೂ ಯಾರ ಮೇಲೂ ಬೀಳದೆ ತೆಪ್ಪಗೆ ಸೀಸೆಯಲ್ಲಿ ಕೂತಿರುತ್ತದೆ. ಹಣ್ಣಿನ ಸಾರ ಬೆರೆಸಿದಾಗ ಅದಕ್ಕೊಂದು ಜೊತೆ ಸಿಕ್ಕಿ ನೇರಳೆ ಮಾಸಿ ಹಳದಿಗೆ ತಿರುಗುತ್ತದೆ. ಕತ್ತಲಲ್ಲಿ ಅರ್ಧ ಗಂಟೆ ಇಟ್ಟು, 517 ನ್ಯಾನೊಮೀಟರಿನ ಬೆಳಕು ಹಾಯಿಸಿ, ಎಷ್ಟು ಬಣ್ಣ ಉಳಿದಿದೆ ಎಂದು ಯಂತ್ರದಲ್ಲಿ ಓದುತ್ತಾರೆ. ಸ್ವಲ್ಪವೇ ಸಾರಕ್ಕೆ ಬಣ್ಣ ಅರ್ಧಕ್ಕರ್ಧ ಮಾಸಿದರೆ ಹಣ್ಣು ಗಟ್ಟಿ ಎಂದು ಲೆಕ್ಕ. ಬ್ಲಾಯ್ಸ್ ಎಂಬ ವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಈ ವಿಧಾನ ಸರಳ, ಅಗ್ಗ, ಒಂದು ಮಧ್ಯಾಹ್ನದಲ್ಲಿ ಮುಗಿಯುವಂಥದು. ಆದರೆ ಡಿಪಿಪಿಎಚ್ ಮನುಷ್ಯನ ಮೈಯಲ್ಲಿ ಎಲ್ಲಿಯೂ ಇಲ್ಲ, ಮೆಥನಾಲನ್ನು ಕುಡಿದು ಬದುಕುವವರೂ ಇಲ್ಲ. ಮುರುಗಲಿನ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಅದರ ಕೆಂಪಿಗೆ ಕಾರಣ ಆಂಥೊಸಯನಿನ್ ಎಂಬ ವರ್ಣದ್ರವ್ಯ; ಹುಳಿಯಲ್ಲಿ ಅದು ಅತಿ ಹೆಚ್ಚು ಹೀರುವ ಬೆಳಕು 510–520 ನ್ಯಾನೊಮೀಟರ್ ಆಸುಪಾಸಿನದು. ಎಂದರೆ ಡಿಪಿಪಿಎಚ್ ಮಾಸುವುದನ್ನು ಯಾವ ಕಿಂಡಿಯಿಂದ ನೋಡುತ್ತೇವೋ ಅದೇ ಕಿಂಡಿಗೆ ಹಣ್ಣಿನ ಕೆಂಪೂ ಅಡ್ಡ ನಿಂತಿರುತ್ತದೆ. ಹಣ್ಣಿನ ಬಣ್ಣವನ್ನು ಬೇರೆಯಾಗಿ ಅಳೆದು ಕಳೆಯದಿದ್ದರೆ ಬಂದ ಅಂಕ ಯಾರದೆಂದು ಹೇಳಲಾಗದು. ಎಚ್ಚರವಿರುವ ಲ್ಯಾಬಿನಲ್ಲಿ ಕಳೆಯುತ್ತಾರೆ. ಎಲ್ಲ ಲ್ಯಾಬಿನಲ್ಲೂ ಆ ಎಚ್ಚರ ಇರುತ್ತದೆಂದು ನಂಬಲು ನನಗೆ ಧೈರ್ಯ ಸಾಲದು.

ಇದರ ಅಣ್ಣನಂಥ ಇನ್ನೊಂದು ಪರೀಕ್ಷೆ ‘ಒಟ್ಟು ಫೀನಾಲ್’ ಅಳೆಯುವ ಫೋಲಿನ್–ಸಿಯೊಕಾಲ್ಟು ವಿಧಾನ. ಇಲ್ಲಿ ಹಳದಿ ಕಾರಕ ನೀಲಿಯಾಗುತ್ತದೆ, ನೀಲಿ ಹೆಚ್ಚಾದಷ್ಟೂ ಫೀನಾಲ್ ಹೆಚ್ಚು ಎಂದು ಬರೆದುಕೊಳ್ಳುತ್ತಾರೆ. ಈ ಕಾರಕಕ್ಕೆ ಫೀನಾಲೇ ಬೇಕೆಂದೇನೂ ಇಲ್ಲ. ಸಿ ಜೀವಸತ್ವ ಸಿಕ್ಕರೂ ನೀಲಿಯಾಗುತ್ತದೆ, ಕೆಲವು ಸಕ್ಕರೆಗಳಿಗೂ ಪ್ರೋಟೀನಿನ ತುಣುಕುಗಳಿಗೂ ಸ್ಪಂದಿಸುತ್ತದೆ. ಹುಳಿಹಣ್ಣುಗಳ ವಿಷಯದಲ್ಲಿ ಇದು ಸಣ್ಣ ದೋಷವಲ್ಲ. ಮೇಲಾಗಿ ಫಲಿತಾಂಶ ಬರೆಯುವುದು ಬಹುತೇಕ ಒಣ ಪುಡಿಯ ಅಥವಾ ಒಣ ಸಾರದ ಗ್ರಾಮಿಗೆ. ನೂರು ಗ್ರಾಂ ಹಣ್ಣಿನಲ್ಲಿ ಎಂಬತ್ತೈದು ಗ್ರಾಂ ನೀರಿದ್ದರೆ, ನೂರು ಗ್ರಾಂ ಪುಡಿ ಎಂದರೆ ಆರೂಮುಕ್ಕಾಲು ನೂರು ಗ್ರಾಮಿಗೆ ಹತ್ತಿರದ ಹಣ್ಣು. ಇದನ್ನು ಒಯ್ದು ಅಮೆರಿಕದ ಪಟ್ಟಿಯಲ್ಲಿರುವ ತಾಜಾ ಬ್ಲೂಬೆರಿಯ ಅಂಕದ ಪಕ್ಕ ಇಟ್ಟರೆ ನಮ್ಮ ಕೇಪಳ ಹಣ್ಣು, ನಮ್ಮ ಬಿಕ್ಕೆ ಗೆಲ್ಲದೆ ಏನು ಮಾಡೀತು? ಅಂಥ ಪಟ್ಟಿಗಳಲ್ಲಿ ತೀರ ಮೇಲಿನ ಸಾಲಿನಲ್ಲಿ ಇರುವುದು ಹಣ್ಣೇ ಅಲ್ಲ, ಲವಂಗದ ಪುಡಿಯಂಥ ಮಸಾಲೆಗಳು. ನೂರು ಗ್ರಾಂ ಲವಂಗ ತಿನ್ನುವ ಸಾಹಸಿಗೆ ಆರೋಗ್ಯದ ಚಿಂತೆ ಇರುವುದಿಲ್ಲ ಎಂಬುದಂತೂ ನಿಜ.

ಪರೀಕ್ಷೆಯ ದೋಷಗಳನ್ನು ತಿದ್ದಬಹುದು. ತಿದ್ದಲಾಗದ್ದು ಅದರ ಹಿಂದಿನ ತರ್ಕ. 1956ರಲ್ಲಿ ಡೆನ್ಹಮ್ ಹಾರ್ಮನ್ ಎಂಬ ಅಮೆರಿಕದ ವಿಜ್ಞಾನಿ ಮುಪ್ಪಿಗೆ ಫ್ರೀ ರ‍್ಯಾಡಿಕಲ್ಲುಗಳೇ ಕಾರಣ ಎಂಬ ಊಹೆಯನ್ನು ಮುಂದಿಟ್ಟ. ಉಸಿರಾಡುವ ಆಮ್ಲಜನಕವೇ ಜೀವಕೋಶದೊಳಗೆ ಕಿಡಿಗಳನ್ನು ಹಾರಿಸುತ್ತದೆ, ಕಿಡಿ ಕೋಶವನ್ನು ಸುಡುತ್ತದೆ. ಹಾಗಾದರೆ ಕಿಡಿ ನಂದಿಸುವ ಪದಾರ್ಥ ತಿಂದರೆ ರೋಗವೂ ಮುಪ್ಪೂ ದೂರವಾಗಬೇಕಲ್ಲ! ಹಣ್ಣು ತರಕಾರಿ ಹೆಚ್ಚು ತಿನ್ನುವವರು ಆರೋಗ್ಯವಾಗಿರುವುದೂ ಕಾಣುತ್ತಿತ್ತು, ಹಣ್ಣಿನಲ್ಲಿ ಇಂಥ ಪದಾರ್ಥಗಳೂ ಇದ್ದವು. ಎರಡನ್ನೂ ಜೋಡಿಸಿ ಕಟ್ಟಿದ ಈ ಊಹೆಯನ್ನು ವಿಜ್ಞಾನ ಸುಮ್ಮನೆ ನಂಬಲಿಲ್ಲ, ದೊಡ್ಡ ಪ್ರಮಾಣದಲ್ಲೇ ಪರೀಕ್ಷಿಸಿತು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರಿಗೆ ವರ್ಷಗಟ್ಟಲೆ ಬೀಟಾ ಕ್ಯಾರೊಟೀನ್, ಇ ಜೀವಸತ್ವ ಅಥವಾ ಬರಿಯ ಹುಸಿಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಹೊರಬಿದ್ದಾಗ ಬೀಟಾ ಕ್ಯಾರೊಟೀನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದೇ ಇನ್ನೊಂದು ಅಧ್ಯಯನವನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಅಲ್ಲಿ ಏರಿಕೆ ಶೇ 28. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲೆಂದು ಇ ಜೀವಸತ್ವ ಕೊಟ್ಟ ಮತ್ತೊಂದು ಅಧ್ಯಯನದಲ್ಲಿ ಅದೇ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತೆಂದು 2011ರಲ್ಲಿ ತಿಳಿಯಿತು. ವ್ಯಾಯಾಮ ಮಾಡುವವರಿಗೆ ಸಿ ಮತ್ತು ಇ ಜೀವಸತ್ವಗಳ ಮಾತ್ರೆ ಕೊಟ್ಟ ಜರ್ಮನಿಯ 2009ರ ಪ್ರಯೋಗವಂತೂ ಊಹೆಯನ್ನೇ ತಲೆಕೆಳಗು ಮಾಡಿತು. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗುವ ಲಾಭ ಮಾತ್ರೆ ನುಂಗಿದವರಿಗೆ ದಕ್ಕಲಿಲ್ಲ. ಕಿಡಿಗಳು ಬರಿಯ ಬೆಂಕಿಯಲ್ಲ, ಮೈ ತನ್ನನ್ನು ಸರಿಪಡಿಸಿಕೊಳ್ಳಲು ಕಾಯುವ ಸಂಕೇತಗಳೂ ಹೌದು. ಎಲ್ಲವನ್ನೂ ನಂದಿಸಿದರೆ ಸುದ್ದಿಯೇ ತಲುಪುವುದಿಲ್ಲ.

ಇಷ್ಟಾದ ಮೇಲೆ ಅಳತೆಗೋಲು ಹುಟ್ಟಿದ ಊರಿನಲ್ಲೇ ಏನಾಯಿತೆಂಬುದು ನಮ್ಮ ಸಂಕಿರಣಗಳಲ್ಲಿ ಕಿವಿಗೆ ಬೀಳದ ಕಥೆ. ಅಮೆರಿಕದ ಕೃಷಿ ಇಲಾಖೆ 2007ರಲ್ಲಿ ನೂರಾರು ಆಹಾರಗಳ ಆ್ಯಂಟಿಆಕ್ಸಿಡೆಂಟ್ ಅಂಕಗಳ ಪಟ್ಟಿಯೊಂದನ್ನು ಹೊರತಂದಿತು, 2010ರಲ್ಲಿ ಅದನ್ನು ಹಿಗ್ಗಿಸಿತು. ಓರ್ಯಾಕ್ ಎಂದು ಕರೆಸಿಕೊಂಡ ಆ ಅಂಕ ಜ್ಯೂಸ್ ಕಂಪನಿಗಳ ಕೈಗೆ ಸಿಕ್ಕಿ ಡಬ್ಬಿಗಳ ಮೇಲೆ ಕುಣಿಯಿತು. 2012ರಲ್ಲಿ ಇಲಾಖೆ ಪಟ್ಟಿಯನ್ನೇ ಹಿಂದಕ್ಕೆ ಪಡೆಯಿತು. ಕೊಟ್ಟ ಕಾರಣ ಸ್ಪಷ್ಟವಾಗಿತ್ತು: ಪರೀಕ್ಷಾ ಕೊಳವೆಯ ಅಂಕಕ್ಕೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ತೋರಿಸುವ ಪುರಾವೆ ಇಲ್ಲ, ಕಂಪನಿಗಳು ಅಂಕವನ್ನು ದುರುಪಯೋಗ ಮಾಡುತ್ತಿವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೂ ಮೊದಲೇ, 2010ರಿಂದ, ಹಣ್ಣು, ಚಹಾ, ರಸಗಳ ಆ್ಯಂಟಿಆಕ್ಸಿಡೆಂಟ್ ಹೇಳಿಕೆಗಳನ್ನು ಸಾಲುಸಾಲಾಗಿ ತಿರಸ್ಕರಿಸಿತ್ತು. ಆಲಿವ್ ಎಣ್ಣೆಯ ಪಾಲಿಫೀನಾಲಿಗೆ ಮಾತ್ರ ಅದು ಒಪ್ಪಿಗೆ ಕೊಟ್ಟಿತು. ಎಣ್ಣೆ ತಿಂದ ಮನುಷ್ಯರ ರಕ್ತದಲ್ಲೇ ಕೊಬ್ಬಿನ ಕಣಗಳು ಉತ್ಕರ್ಷಣೆಯಿಂದ ಪಾರಾಗುವುದನ್ನು ಪ್ರಯೋಗಗಳು ತೋರಿಸಿದ್ದವು ಎಂಬ ಕಾರಣಕ್ಕೆ. ಬಾಗಿಲು ಮುಚ್ಚಿರಲಿಲ್ಲ, ಒಳಗೆ ಬರಲು ಯಾವ ಚೀಟಿ ಬೇಕೆಂಬುದು ಇದರಿಂದ ಗೊತ್ತಾಗುತ್ತದೆ. ನಾವಾದರೋ ಹುಟ್ಟಿಸಿದವರೇ ಮೂಲೆಗೆಸೆದ ಗೋಲನ್ನು ಹೆಕ್ಕಿ ತಂದು, ಒರೆಸಿ, ಅದರಿಂದ ಅಳೆದು, ನಮ್ಮ ಹಣ್ಣು ನಿಮ್ಮ ಹಣ್ಣಿಗಿಂತ ಉದ್ದ ಎಂದು ಅವರಿಗೇ ತೋರಿಸಲು ಹೊರಟಿದ್ದೇವೆ. ಇದಕ್ಕೆ ದೇಸಿ ಅಭಿಮಾನ ಎಂಬ ಹೆಸರು ಬೇರೆ.

ಹಣ್ಣಿನ ಪದಾರ್ಥಗಳು ಮೈಯೊಳಗೆ ಏನಾಗುತ್ತವೆ ಎಂದು ನೋಡಿದರೆ ಕೊಳವೆಯ ಅಂಕ ಇನ್ನಷ್ಟು ಸೊರಗುತ್ತದೆ. ಮುರುಗಲಿನ, ನೇರಳೆಯ ಆಂಥೊಸಯನಿನ್‌ಗಳಲ್ಲಿ ಇದ್ದ ರೂಪದಲ್ಲೇ ರಕ್ತಕ್ಕೆ ಸೇರುವುದು ಅತ್ಯಲ್ಪ ಭಾಗ. ಸೇರಿದ್ದನ್ನೂ ಯಕೃತ್ತು ಬೇಡದ ನೆಂಟನಂತೆ ರೂಪ ಬದಲಿಸಿ ಮೂತ್ರಕ್ಕೆ ಕಳಿಸುತ್ತದೆ, ಉಳಿದದ್ದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲು. ರಕ್ತದಲ್ಲಿ ಯೂರಿಕ್ ಆಮ್ಲವೊಂದೇ ಲೀಟರಿಗೆ 200ರಿಂದ 400 ಮೈಕ್ರೊಮೋಲ್ ಇರುತ್ತದೆ. ಹಣ್ಣಿನ ಫ್ಲೇವನಾಯ್ಡುಗಳು ಒಂದೆರಡು ಮೈಕ್ರೊಮೋಲ್ ಮುಟ್ಟಿದರೆ ಹೆಚ್ಚು, ಅದೂ ಕೆಲವು ಗಂಟೆಗಳ ಮಟ್ಟಿಗೆ. ತುಂಬಿದ ಕೆರೆಗೆ ಒಂದು ಚೊಂಬು ನೀರು ಸುರಿದು ಕೆರೆ ತುಂಬಿಸಿದೆ ಎಂದಂತೆ. ಆದರೂ ಹಣ್ಣು ತಿಂದೊಡನೆ ರಕ್ತದ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯ ಏರುತ್ತದಲ್ಲ ಎಂದು ಕೇಳುತ್ತಾರೆ. ಏರುತ್ತದೆ. ಏಕೆ ಏರುತ್ತದೆ ಎಂಬುದನ್ನು 2004ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಸಂಸ್ಥೆಯ ಸಂಶೋಧಕರು ಬಿಡಿಸಿ ತೋರಿಸಿದರು. ಸೇಬು ತಿಂದವರ ರಕ್ತದಲ್ಲಿ ಅಂಕ ಏರಿದ್ದು ಸೇಬಿನ ಫ್ಲೇವನಾಯ್ಡುಗಳಿಂದಲ್ಲ; ಸೇಬಿನಲ್ಲಿದ್ದ ಫ್ರಕ್ಟೋಸ್ ಸಕ್ಕರೆ ರಕ್ತದ ಯೂರಿಕ್ ಆಮ್ಲವನ್ನು ಹೆಚ್ಚಿಸಿದ್ದರಿಂದ. ಗೌಟ್ ಆದವರು ಯಾವುದಕ್ಕೆ ಹೆದರಿ ಮಾತ್ರೆ ನುಂಗುತ್ತಾರೋ ಅದೇ ಯೂರಿಕ್ ಆಮ್ಲ. ಸಿ ಜೀವಸತ್ವದ ಮಹಿಮೆ ಸಾರಿದ ಪಾಲಿಂಗರ ಹೆಸರಿನ ಸಂಸ್ಥೆಯಿಂದಲೇ ಈ ಮಾತು ಬಂತೆಂಬುದು ವಿಜ್ಞಾನಕ್ಕೆ ಗೌರವ ತರುವ ಸಂಗತಿ.

ಇದಕ್ಕೆ ಬರುವ ಮೊದಲ ಆಕ್ಷೇಪ ಸಹಜವಾದದ್ದೇ. ಸೋತದ್ದು ಮಾತ್ರೆಗಳು, ಹಣ್ಣುಗಳಲ್ಲ. ಹಣ್ಣಿನಲ್ಲಿ ನೂರಾರು ಪದಾರ್ಥ ಒಟ್ಟಿಗೆ ಕೆಲಸ ಮಾಡುತ್ತವೆ, ಒಂದನ್ನು ಬಿಡಿಸಿ ಮಾತ್ರೆ ಮಾಡಿದರೆ ಗುಣ ಕೆಟ್ಟೀತು ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ಈ ವಾದ ಹೂಡುವವರು ತಾವು ಕೂತ ಕೊಂಬೆಯನ್ನೇ ಕಡಿಯುತ್ತಿದ್ದಾರೆ. ಇಡೀ ಹಣ್ಣಿನ ಮಹಿಮೆ ಬಿಡಿ ಪದಾರ್ಥದಲ್ಲಿ ಇಲ್ಲವೆಂದಾದರೆ, ನಾರನ್ನೂ ನೀರನ್ನೂ ಕಳೆದು ಮೆಥನಾಲಿನಲ್ಲಿ ಕರಗಿದ ಸಾರಕ್ಕೆ ಸಿಕ್ಕ ಅಂಕ ಇಡೀ ಹಣ್ಣಿನ ಮಹಿಮೆ ಹೇಗಾದೀತು? ಹಣ್ಣು ತಿನ್ನುವವರು ಆರೋಗ್ಯವಾಗಿರುವುದಕ್ಕೆ ನಾರು, ಪೊಟ್ಯಾಸಿಯಂ, ಫೋಲೇಟ್, ಹಣ್ಣು ತಿಂದ ಹೊತ್ತಿನಲ್ಲಿ ತಿನ್ನದೇ ಬಿಟ್ಟ ಬೋಂಡಾ, ಹಣ್ಣು ಕೊಳ್ಳುವಷ್ಟು ಅನುಕೂಲ ಇರುವವರ ಉಳಿದ ಜೀವನಕ್ರಮ, ಹೀಗೆ ಕಾರಣಗಳು ಹತ್ತಾರು. ಅವುಗಳಲ್ಲಿ ಯಾವುದೂ ನೇರಳೆ ಬಣ್ಣ ಹಳದಿಯಾಗುವುದರಲ್ಲಿ ಕಾಣುವುದಿಲ್ಲ. ಅಂಕ ಕಡಿಮೆ ಇರುವ ಬಾಳೆಹಣ್ಣು ಅಂಕ ಹೆಚ್ಚಿರುವ ಕವಳಿಗಿಂತ ಕೀಳು ಎನ್ನಲು ಯಾರ ಬಳಿಯೂ ಆಧಾರವಿಲ್ಲ. ಇನ್ನು ಕೆಲವರು ಸೂಕ್ಷ್ಮವಾಗಿ ವಾದಿಸುತ್ತಾರೆ: ಪಾಲಿಫೀನಾಲ್‌ಗಳು ಕಿಡಿ ನಂದಿಸದಿದ್ದರೇನಂತೆ, ಕರುಳಿನ ಬ್ಯಾಕ್ಟೀರಿಯಾಗಳ ಮೂಲಕವೋ ಜೀವಕೋಶದ ಸಂಕೇತಗಳ ಮೂಲಕವೋ ಒಳ್ಳೆಯದು ಮಾಡಬಹುದಲ್ಲ? ಮಾಡಬಹುದು, ಅದು ಜೀವಂತ ಪ್ರಶ್ನೆ. ಆದರೆ ಆಗ ಕೆಲಸ ಆ್ಯಂಟಿಆಕ್ಸಿಡೆಂಟಿನದಲ್ಲ. ಅದನ್ನು ತಿಳಿಯಬೇಕಾದರೆ ಮನುಷ್ಯರಿಗೆ ಹಣ್ಣು ತಿನ್ನಿಸಿ ನೋಡಬೇಕೇ ಹೊರತು ಡಿಪಿಪಿಎಚ್ ಸೀಸೆ ತೆರೆದು ಉಪಯೋಗವಿಲ್ಲ.

ಎರಡನೆಯ ಆಕ್ಷೇಪ ಬಡತನದ್ದು. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ದುಬಾರಿ ಯಂತ್ರಗಳಿರುವುದಿಲ್ಲ, ವಿದ್ಯಾರ್ಥಿ ಆರು ತಿಂಗಳಲ್ಲಿ ಪ್ರಾಜೆಕ್ಟ್ ಮುಗಿಸಬೇಕು, ಮೊದಲ ಸುತ್ತಿನ ಜರಡಿಯಾಗಿ ಈ ಪರೀಕ್ಷೆ ಸಾಕಲ್ಲ ಎಂಬುದು. ಜರಡಿ ಎಂದಮೇಲೆ ಮುಂದೆ ರೊಟ್ಟಿ ತಟ್ಟುವ ಇರಾದೆ ಇರಬೇಕು. ಇಲ್ಲಿ ಜರಡಿ ಹಿಡಿಯುವುದೇ ಅಡುಗೆಯಾಗಿದೆ. ಒಂದು ಹಣ್ಣು ಮುಗಿದರೆ ಇನ್ನೊಂದು, ಹಣ್ಣು ಮುಗಿದರೆ ಎಲೆ, ಎಲೆ ಮುಗಿದರೆ ತೊಗಟೆ. ಗಿಡದ ಹೆಸರು ಬದಲಾಗುತ್ತದೆ, ಪ್ರಬಂಧದ ಉಳಿದ ವಾಕ್ಯಗಳು ಬದಲಾಗುವುದಿಲ್ಲ. ಈ ಪರೀಕ್ಷೆಗಳಿಗೆ ನ್ಯಾಯವಾದ ಜಾಗವಿಲ್ಲವೆಂದು ನಾನು ಹೇಳುತ್ತಿಲ್ಲ. ಚಿಪ್ಸ್ ಕರಿದ ಎಣ್ಣೆ ಮುಗ್ಗಲಾಗದಂತೆ ಯಾವ ಸಾರ ತಡೆಯುತ್ತದೆ, ಮುರುಗಲ ರಸವನ್ನು ಬಿಸಿ ಮಾಡಿದಾಗ ಎಷ್ಟು ಕೆಡುತ್ತದೆ, ಒಂದೇ ಲ್ಯಾಬಿನಲ್ಲಿ ಒಂದೇ ವಿಧಾನದಿಂದ ಎರಡು ತಳಿಗಳ ನಡುವೆ ವ್ಯತ್ಯಾಸವೆಷ್ಟು ಎಂಬ ಪ್ರಶ್ನೆಗಳಿಗೆ ಅವು ಉತ್ತರ ಕೊಡುತ್ತವೆ. ಅದು ಡಬ್ಬಿಯೊಳಗಿನ ಆಹಾರದ ಆರೋಗ್ಯ, ತಿನ್ನುವವರದ್ದಲ್ಲ.

ಅಂಕಕ್ಕೆ ಕಾಣದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ಕರಾವಳಿಯ ಹಿತ್ತಲುಗಳಲ್ಲಿ ಕಾಂಡದ ಮೇಲೇ ಗೊಂಚಲುಗೊಂಚಲಾಗಿ ಬಿಡುವ ಬಿಂಬುಳಿ ಕಾಯಿ ಡಿಪಿಪಿಎಚ್ ಪರೀಕ್ಷೆಯನ್ನು ಸರಾಗವಾಗಿ ಪಾಸು ಮಾಡುತ್ತದೆ. ಅದರಲ್ಲಿ ಆಕ್ಸಲಿಕ್ ಆಮ್ಲ ಬಹಳ. ಉಪ್ಪಿನಕಾಯಿಗೋ ಸಾರಿಗೋ ಎರಡು ಕಾಯಿ ಹಾಕುವ ಹಳೆಯ ರೂಢಿಗೆ ಅದರಿಂದ ತೊಂದರೆಯಾಗಲಿಲ್ಲ. ಕೊಲೆಸ್ಟರಾಲ್ ಇಳಿಯುತ್ತದೆಂದು ಕಾಯಿ ಅರೆದು ಗಟ್ಟಿ ರಸ ಕುಡಿಯುವ ಹೊಸ ರೂಢಿ ಬಂದಾಗ ಕೇರಳದಲ್ಲಿ ಜನ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದರು. ಅಂಥ ಹತ್ತು ರೋಗಿಗಳ ವರದಿಯನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಅದರ ಸೋದರ ಸಂಬಂಧಿ ನಕ್ಷತ್ರ ಹಣ್ಣಿನಲ್ಲಿ ಮೂತ್ರಪಿಂಡ ರೋಗಿಗಳಿಗೆ ಬಿಕ್ಕಳಿಕೆಯಿಂದ ಸೆಳವಿನವರೆಗೆ ತರುವ ನರವಿಷವೊಂದಿದೆ. ಅದೇ ವರ್ಷ ಬ್ರೆಜಿಲ್‌ನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಕ್ಯಾರಂಬಾಕ್ಸಿನ್ ಎಂದು ಹೆಸರಿಟ್ಟರು. ಕ್ಯಾನ್ಸರಿಗೆ ಮದ್ದೆಂಬ ಗುಲ್ಲಿನ ಬೆನ್ನೇರಿ ನಮ್ಮ ನರ್ಸರಿಗಳಿಗೆ ಬಂದ ಲಕ್ಷ್ಮಣಫಲದ ಕಥೆಯೂ ಹೀಗೇ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಹೋಲುವ, ಮಾಮೂಲಿ ಔಷಧಿಗೆ ಬಗ್ಗದ ಕಾಯಿಲೆ ಅತಿಯಾಗಿ ಕಂಡಾಗ, 1999ರಲ್ಲಿ ವೈದ್ಯರು ಆ ಹಣ್ಣನ್ನೂ ಅದರ ಎಲೆಯ ಕಷಾಯವನ್ನೂ ಹೆಚ್ಚು ಸೇವಿಸುವುದರೊಂದಿಗೆ ಅದಕ್ಕೆ ನಂಟಿರುವುದನ್ನು ಗುರುತಿಸಿದರು. ಅನುಮಾನ ಹಣ್ಣಿನಲ್ಲಿರುವ ಅನ್ನೊನಾಸಿನ್ ಎಂಬ ಪದಾರ್ಥದ ಮೇಲಿದೆ. ಅದೇ ಕಾರಣವೆಂದು ಪೂರ್ತಿ ಸಾಬೀತಾಗಿಲ್ಲ, ಆದರೆ ಅನುಮಾನ ಸಣ್ಣದಲ್ಲ. ಮೂರೂ ಕಡೆ ನಮ್ಮನ್ನು ಎಚ್ಚರಿಸಿದ್ದು ಹಣ್ಣಿನೊಳಗಿನ ಪದಾರ್ಥವನ್ನು ಹೆಸರು ಹಿಡಿದು ಗುರುತಿಸಿದ ರಸಾಯನಶಾಸ್ತ್ರ ಮತ್ತು ರೋಗಿಯ ಹಾಸಿಗೆಯ ಪಕ್ಕ ನಿಂತ ವೈದ್ಯ. ಕೊಳವೆಯ ಹಳದಿ ಮೂರು ಹಣ್ಣಿಗೂ ಶಹಬ್ಬಾಸ್ ಎಂದಿತ್ತು.

ಈಗ ಎರಡನೆಯ ‘ಆದ್ದರಿಂದ’ಕ್ಕೆ ಬರುತ್ತೇನೆ, ಏಕೆಂದರೆ ಮೇಲಿನದನ್ನೆಲ್ಲ ಒಪ್ಪಿಯೂ ಕೆಲವರು ಕೊನೆಯ ಗುರಾಣಿಯಾಗಿ ಹಿಡಿಯುವುದು ಅದನ್ನೇ. ಅಂಕ ಸುಳ್ಳೇ ಇರಲಿ, ಅದರಿಂದ ಕಾಡುಹಣ್ಣಿಗೆ ಬೆಲೆ ಬರುತ್ತದೆ, ಬೆಲೆ ಬಂದರೆ ಮರ ಉಳಿಯುತ್ತದೆ ಎಂಬ ಮಾತು. ಇದನ್ನು ಪರೀಕ್ಷಿಸಲು ಊಹೆ ಬೇಕಿಲ್ಲ, ಉತ್ತರ ಕನ್ನಡದಲ್ಲಿ ಆಗಿಹೋದ ಉಪ್ಪಾಗೆಯ ಕಥೆಯೇ ಇದೆ. ಉಪ್ಪಾಗೆ ಮುರುಗಲಿನ ಬಳಗದ ಮರ. ಘಟ್ಟದ ಜನ ಅದರ ಬೀಜದಿಂದ ತುಪ್ಪ ತೆಗೆಯುತ್ತಿದ್ದರು, ಸಿಪ್ಪೆಯನ್ನು ಒಣಗಿಸಿ ಹುಳಿಗೆ ಇಟ್ಟುಕೊಳ್ಳುತ್ತಿದ್ದರು. ಕೇರಳದಲ್ಲಿ ಮೀನಿನ ಸಾರಿಗೆ ಅದೇ ಕುಡಂಪುಳಿ. ಆ ಹುಳಿ ಯಾವ ಆಮ್ಲದ್ದು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ಸಿಟ್ರಿಕ್, ಟಾರ್ಟಾರಿಕ್ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದನ್ನು ತಿದ್ದಿ, ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು 1965ರಲ್ಲಿ ತೋರಿಸಿದರು. ಅಂಕದ ಹಂಗಿಲ್ಲದ, ಅಚ್ಚುಕಟ್ಟಾದ ರಸಾಯನಶಾಸ್ತ್ರ. ಮುಂದೆ ಅಮೆರಿಕದ ಲ್ಯಾಬುಗಳಲ್ಲಿ ಈ ಆಮ್ಲ ಕೊಬ್ಬು ತಯಾರಿಸುವ ಕಿಣ್ವವೊಂದನ್ನು ತಡೆಯುತ್ತದೆಂದು ಗೊತ್ತಾಯಿತು. ಅಷ್ಟು ಸಾಕಾಯಿತು, ಕಿಣ್ವ ನಿಂತರೆ ಕೊಬ್ಬು ನಿಲ್ಲುತ್ತದೆ, ಕೊಬ್ಬು ನಿಂತರೆ ಹೊಟ್ಟೆ ಕರಗುತ್ತದೆ ಎಂದು 1990ರ ದಶಕದಲ್ಲಿ ಗಾರ್ಸಿನಿಯಾ ಮಾತ್ರೆಗಳ ಮಾರುಕಟ್ಟೆ ಎದ್ದಿತು. ಇಲ್ಲಿ ಕೆಲಸ ಮಾಡಿದ್ದು ಆ್ಯಂಟಿಆಕ್ಸಿಡೆಂಟ್ ಅಂಕವಲ್ಲ ನಿಜ, ಆದರೆ ಜಿಗಿತ ಅದೇ, ಕೊಳವೆಯಿಂದ ನೇರ ಮನುಷ್ಯನ ಹೊಟ್ಟೆಗೆ. 1998ರಲ್ಲಿ 135 ಜನರ ಮೇಲೆ ಹನ್ನೆರಡು ವಾರ ನಡೆದ ಪ್ರಯೋಗದಲ್ಲಿ ಆ ಆಮ್ಲ ನುಂಗಿದವರು ಹುಸಿಮಾತ್ರೆ ನುಂಗಿದವರಿಗಿಂತ ಹೆಚ್ಚೇನೂ ತೆಳ್ಳಗಾಗಲಿಲ್ಲ. ಗಾರ್ಸಿನಿಯಾ ಸಾರವಿದ್ದ ಮಾತ್ರೆ ನುಂಗಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ಮುಂದೆ ದಾಖಲಾದವು.

ಅತ್ತ ಸಮುದ್ರದಾಚೆ ಇದೆಲ್ಲ ನಡೆಯುವಾಗ ಇತ್ತ ಘಟ್ಟದಲ್ಲಿ ಆದದ್ದೇನು? ಸಿಪ್ಪೆಗೆ ದರ ಏರಿತು. ಮರ ಇರುವುದು ಕಾಡಿನಲ್ಲಿ, ಅದು ಎಲ್ಲರದೂ ಹೌದು ಯಾರದೂ ಅಲ್ಲ. ಇಂದು ನಾನು ಬಿಟ್ಟ ಕಾಯಿಯನ್ನು ನಾಳೆ ಇನ್ನೊಬ್ಬ ಕೊಯ್ಯುತ್ತಾನೆ. ಹಣ್ಣಾಗಿ ತಾನೇ ಉದುರುವವರೆಗೆ ಕಾಯುವ ತಾಳ್ಮೆ ಹೋಯಿತು. ಹಸಿರು ಕಾಯಿಯನ್ನು ಬಡಿದು ಕೆಡವಿದರು, ಕೈಗೆ ಸಿಗದ ಕೊಂಬೆಯನ್ನೇ ಕಡಿದರು. ಬೀಜ ಬಲಿಯದೆ ಸಸಿ ಹುಟ್ಟುವುದೆಲ್ಲಿ? ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲಿಗೆ ಹರವಲಾಗದು. ಸಿಪ್ಪೆ ಒಣಗಿಸಲು ಹಗಲೂರಾತ್ರಿ ಒಲೆ ಉರಿಯಬೇಕು, ಒಲೆಗೆ ಸೌದೆ ಅದೇ ಕಾಡಿನದು. ಒಂದು ಹಣ್ಣಿನ ಹೊಗಳಿಕೆಗೆ ಸುತ್ತಲಿನ ಹತ್ತು ಜಾತಿಯ ಮರ ಬೂದಿಯಾಯಿತು. ಆಮೇಲೆ ದರ ಕುಸಿಯಿತು, ಕೊಳ್ಳುವವರು ತೆರಳಿದರು, ಗೂಡುಒಲೆ ಕಟ್ಟಿಕೊಂಡವರು ಉಳಿದರು. ಸುಳ್ಳಿನ ಮೇಲೆ ನಿಂತ ಬೇಡಿಕೆಗೆ ಇರುವ ದೋಷವೇ ಇದು. ಅದು ರುಚಿ ಹತ್ತಿ ಬಂದದ್ದಲ್ಲವಾದ್ದರಿಂದ ಮುಂದಿನ ಸುಳ್ಳು ಸಿಕ್ಕೊಡನೆ ಎದ್ದು ಹೋಗುತ್ತದೆ. ಕುಡಂಪುಳಿ ಹಾಕಿ ಮೀನು ಬೇಯಿಸುವ ಮನೆ ಮಾತ್ರ ಹಿಂದೆಯೂ ಕೊಳ್ಳುತ್ತಿತ್ತು, ಈಗಲೂ ಕೊಳ್ಳುತ್ತದೆ.

ಹಾಗಾದರೆ ಹಣ್ಣಿನ ರಸಾಯನಶಾಸ್ತ್ರಕ್ಕೆ ಕೆಲಸವೇ ಇಲ್ಲವೇ ಎಂದರೆ, ತಲೆಯೆತ್ತಲಾಗದಷ್ಟಿದೆ. ಅಪ್ಪೆಮಿಡಿಯನ್ನು ನೋಡಿ. ಶರಾವತಿ, ಅಘನಾಶಿನಿಯ ದಡಗಳಲ್ಲಿ ಬೆಳೆಯುವ ಈ ಕಾಡುಮಾವಿನ ಬೆಲೆಯನ್ನು ಯಾರೂ ಡಿಪಿಪಿಎಚ್ ಹಾಕಿ ಕಟ್ಟಲಿಲ್ಲ. ತೊಟ್ಟು ಮುರಿದರೆ ಚಿಮ್ಮುವ ಸೊನೆಯನ್ನು ಮೂಸಿ ಕಟ್ಟಿದರು. ಒಂದು ಮರದ ಸೊನೆಗೆ ಜೀರಿಗೆಯ ಪರಿಮಳ, ಇನ್ನೊಂದಕ್ಕೆ ಕರ್ಪೂರದ್ದು. ಜೀರಿಗೆ ಮಿಡಿ, ಅನಂತ ಭಟ್ಟನ ಅಪ್ಪೆ ಎಂದು ಮರಮರಕ್ಕೂ ಹೆಸರು ಬಂದದ್ದು, ಕಸಿ ಕಟ್ಟಿ ತೋಟಕ್ಕೆ ತಂದದ್ದು ಆ ಪರಿಮಳದ ಆಸೆಗೆ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದೂ ಉಪ್ಪಿನಕಾಯಿಯ ಬಲದಿಂದ. ಆ ಸೊನೆಯಲ್ಲಿ ಯಾವ ಟರ್ಪೀನುಗಳು ಯಾವ ಪ್ರಮಾಣದಲ್ಲಿವೆ, ಮಿಡಿ ವರ್ಷಗಟ್ಟಲೆ ಉಪ್ಪಿನಲ್ಲಿ ಮೆತ್ತಗಾಗದೆ ಉಳಿಯುವುದಕ್ಕೂ ಅವಕ್ಕೂ ನಂಟೇನು, ಕಸಿ ಗಿಡ ತಾಯಿಮರದ ವಾಸನೆಯನ್ನು ಬೇರೆ ಮಣ್ಣಿನಲ್ಲಿ ಉಳಿಸಿಕೊಳ್ಳುತ್ತದೆಯೇ ಎಂಬುದನ್ನು ಗ್ಯಾಸ್ ಕ್ರೊಮಾಟೊಗ್ರಾಫ್ ಹೇಳಬಲ್ಲದು, ಕಸಿ ಕಟ್ಟುವವನಿಗೆ ಅದು ನಾಳೆಯೇ ಬೇಕು. ಗುಬ್ಬಿ ತಾಲ್ಲೂಕಿನ ಸಿದ್ದು ಹಲಸಿಗೆ ಸಸಿ ಸಾಲದಂತೆ ಬೇಡಿಕೆ ಬಂದದ್ದು ತಾಮ್ರಗೆಂಪು ತೊಳೆ, ಒಂದು ಮನೆಗೆ ಸಾಕಾಗುವ ಎರಡೂವರೆ ಕಿಲೋ ಆಸುಪಾಸಿನ ಕಾಯಿ, ಸಿಹಿ ಇವುಗಳಿಂದ. ಅದರ ಜೊತೆಗೆ ಅಚ್ಚಾಗುವ ಆ್ಯಂಟಿಆಕ್ಸಿಡೆಂಟ್ ಮಾತನ್ನು ಅಳಿಸಿದರೂ ಒಂದು ಸಸಿ ಕಡಿಮೆ ಖರ್ಚಾಗುವುದಿಲ್ಲ. ಮುರುಗಲಿನ ಕೆಂಪಿನಲ್ಲಿ ಇರುವುದು ಸಯನಿಡಿನ್‌ನ ಎರಡು ಸಂಯುಕ್ತಗಳು ಎಂದು ಮೈಸೂರಿನ ಅದೇ ಸಂಶೋಧನಾಲಯ 1980ರ ದಶಕದ ಆರಂಭದಲ್ಲೇ ಗುರುತಿಸಿತ್ತು. ಶಾಖಕ್ಕೆ, ಬೆಳಕಿಗೆ ಆ ಬಣ್ಣ ನಿಲ್ಲುವುದಿಲ್ಲ ಎಂಬುದು ಎರಡು ತಿಂಗಳು ಕಪಾಟಿನಲ್ಲಿ ಕೂತು ಕಂದಿಹೋದ ಶರಬತ್ತನ್ನು ನೋಡಿದ ಎಲ್ಲರಿಗೂ ಗೊತ್ತು. ಮನೆಯಲ್ಲಿ ಶರಬತ್ತು ಮಾಡಿ ಮಾರುವ ಸ್ವಸಹಾಯ ಸಂಘಕ್ಕೆ ಬೇಕಿರುವುದು ಆ ಕೆಂಪನ್ನು ಇನ್ನೊಂದು ಬೇಸಗೆಯವರೆಗೆ ಉಳಿಸುವ ದಾರಿ.

ಕೊನೆಗೆ ಆ ಬಾಟಲಿಯನ್ನೇ ಇನ್ನೊಮ್ಮೆ ತಿರುಗಿಸಿ ನೋಡಿ. ಮುಂದುಗಡೆ ದಪ್ಪ ಅಕ್ಷರದಲ್ಲಿ ಆ್ಯಂಟಿಆಕ್ಸಿಡೆಂಟ್. ಹಿಂದುಗಡೆ, ಕನ್ನಡಕ ಹಾಕಿದರೆ ಕಾಣುವ ಅಕ್ಷರದಲ್ಲಿ ಒಳಗಿರುವ ಪದಾರ್ಥಗಳ ಪಟ್ಟಿ. ಪಾಕದ ಶರಬತ್ತಾದರೆ ಆ ಪಟ್ಟಿಯಲ್ಲಿ ಎಲ್ಲರಿಗಿಂತ ದೊಡ್ಡ ಪಾಲುದಾರ ಸಕ್ಕರೆ. ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್, ಫ್ರಕ್ಟೋಸಿನಿಂದ ಯೂರಿಕ್ ಆಮ್ಲ, ಯೂರಿಕ್ ಆಮ್ಲದಿಂದ ರಕ್ತದ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯಕ್ಕೆ ಏರಿಕೆ. ಆ ಲೆಕ್ಕದಲ್ಲಿ ಮುಂದಿನ ಅಕ್ಷರಗಳು ಸುಳ್ಳು ಹೇಳುತ್ತಿಲ್ಲ, ಹೊಗಳಿಕೆ ಮಾತ್ರ ಮುರುಗಲಿನ ಬದಲು ಸಕ್ಕರೆಗೆ ಸಂದಿದೆ.